ದಲಾಲಿಗೂ ಒಂದು ಪಟ್ಟಿ ಇರಲಿ

ಸ್ಥಿರಾಸ್ತಿ ಮಧ್ಯವರ್ತಿಗಳು ಗ್ರಾಹಕರನ್ನು ಗಳಿಸುವ ಹಾಗೂ ಉಳಿಸಿಕೊಳ್ಳುವ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ, ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಾಗಲಿ ದಲಾಲಿ ಅಂಗಡಿ ಎಂಬುದು ಗೌರವದ ಹೆಸರು. ರೈತನು ತಂದ ಮಾಲನ್ನು ತೂಗಿಸಿ, ಟೆಂಡರಿಗಿಟ್ಟು, ಮಾರಾಟವಾದ ನಂತರ ದಲಾಲರು ಒಂದು ಪಟ್ಟಿ ಬರೆದುಕೊಡುತ್ತಾರೆ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು, ಕೊನೆಗೆ ಕೈಗೆ ಬರುವುದೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ತಕರಾರು ಬಂದರೆ ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಮಾತನಾಡಬಹುದು. ಆದರೆ ಅದೇ ದಲಾಲಿಯ ಮಾತು ನಿವೇಶನ, ಮಳಿಗೆ, ಗೋದಾಮುಗಳ ವ್ಯವಹಾರಕ್ಕೆ ಬಂದೊಡನೆ ಅನುಮಾನದ ಮಾತಾಗುತ್ತದೆ. "ಬ್ರೋಕರುಗಳು ದಯವಿಟ್ಟು ಕ್ಷಮಿಸಿ" ಎಂದು ಜಾಹೀರಾತಿನ ಕೊನೆಯಲ್ಲಿ ಮಾಲೀಕರು ಬರೆಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸ್ಥಿರಾಸ್ತಿ ಮಧ್ಯವರ್ತಿಗಳು ಮಾರುಕಟ್ಟೆಯ ದಲಾಲರಿಗಿಂತ ಕಡಿಮೆ ದುಡಿಯುತ್ತಾರೆಂದು ಇದರ ಅರ್ಥವಲ್ಲ. ಗ್ರಾಹಕನ ಕೈಗೆ ಅವರು ಯಾವ ಪಟ್ಟಿಯನ್ನೂ ಕೊಡುವುದಿಲ್ಲ ಎಂಬುದೇ ವ್ಯತ್ಯಾಸ.

ನಮ್ಮ ಸದಸ್ಯ ಬಾಂಧವರಲ್ಲಿ ಮಧ್ಯವರ್ತಿ ವೃತ್ತಿಯಲ್ಲಿರುವವರೂ ಇದ್ದಾರೆ, ಅವರ ಸೇವೆಯನ್ನು ಪಡೆಯುವ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳೂ ಇದ್ದಾರೆ. ಮನೆ, ಫ್ಲಾಟುಗಳ ಮಾರಾಟದ ಬಗ್ಗೆ ಸಲಹೆ ನೀಡುವ ಪುಸ್ತಕಗಳು ಬೇಕಾದಷ್ಟಿವೆ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ವ್ಯಾಪಾರಸ್ಥರಿಗೆ ಜಾಗ ಒದಗಿಸುವ ಮಧ್ಯವರ್ತಿಯ ಕೆಲಸವನ್ನೇ ಮುಖ್ಯವಾಗಿ ಪರಿಶೀಲಿಸಲಾಗಿದೆ. ಇಲ್ಲಿನ ಗ್ರಾಹಕ ಬೇರೆ ಬಗೆಯವನು. ಮನೆ ಹಿಡಿಸದಿದ್ದರೆ ಬಾಡಿಗೆದಾರ ಸಾಮಾನು ಕಟ್ಟಿಕೊಂಡು ಮತ್ತೊಂದು ಮನೆಗೆ ಹೋದಾನು. ಶೆಡ್ಡಿನಲ್ಲಿ ಯಂತ್ರಕ್ಕೆ ತಳಪಾಯ ಹಾಕಿಸಿದವನಿಗೆ ಆ ಸೌಲಭ್ಯವಿಲ್ಲ.

ಕಾಯಿದೆ ಎಲ್ಲಿಯವರೆಗೆ?

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ, ಅಂದರೆ ಎಲ್ಲರ ಬಾಯಲ್ಲಿರುವ ರೇರಾ, 2016ರಲ್ಲಿ ಬಂದಿತು. 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಾಯಿತು. ನೋಂದಾಯಿತ ಯೋಜನೆಯಲ್ಲಿನ ನಿವೇಶನ ಅಥವಾ ಕಟ್ಟಡವನ್ನು ಮಾರಿಸಿಕೊಡುವ ಮಧ್ಯವರ್ತಿಯು 9ನೇ ಕಲಮಿನನ್ವಯ ಪ್ರಾಧಿಕಾರದಲ್ಲಿ ನೋಂದಣಿ ಹೊಂದಿರಬೇಕು, ತಾನು ನೆರವಾದ ಪ್ರತಿಯೊಂದು ಮಾರಾಟದಲ್ಲಿಯೂ ಆ ಸಂಖ್ಯೆಯನ್ನು ನಮೂದಿಸಬೇಕು. ನೋಂದಣಿಯಾಗದ ಯೋಜನೆಯ ಮಾರಾಟಕ್ಕೆ ನೆರವಾಗುವುದನ್ನು 10ನೇ ಕಲಮು ನಿಷೇಧಿಸುತ್ತದೆ. ಈ ಎರಡು ಕಲಮುಗಳನ್ನು ಉಲ್ಲಂಘಿಸಿದರೆ ದಿನವೊಂದಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡ ಬೀಳಬಹುದು. ಈ ಕಾಯಿದೆ ಬರಿಯ ವಾಸದ ಫ್ಲಾಟುಗಳಿಗೆ ಸಂಬಂಧಿಸಿದ್ದೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಕಾಯಿದೆಯ ವ್ಯಾಖ್ಯೆಯಲ್ಲಿ ಅಂಗಡಿ, ಕಚೇರಿ, ಷೋರೂಮು, ಗೋದಾಮುಗಳೂ ಸೇರಿವೆ.

ಆದರೆ ಇದು ಯೋಜನೆಯ ಆಸ್ತಿಗಳ ಮಾರಾಟದ ಮಾತು. ಪೀಣ್ಯದಲ್ಲಿ ಒಂದು ಶೆಡ್ಡನ್ನು, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಗೋದಾಮನ್ನು ಬಾಡಿಗೆಗೆ ಕೊಡಿಸುವ ಕೆಲಸ ಈ ನೋಂದಣಿಯ ಹೊರಗೇ ಉಳಿಯುತ್ತದೆ. ನಮ್ಮ ವರ್ತಕರು ಮಧ್ಯವರ್ತಿಯ ಬಳಿ ಹೋಗುವುದು ಬಹುಪಾಲು ಇಂತಹ ಕೆಲಸಕ್ಕೇ! ಅಲ್ಲಿ ಉಳಿಯುವ ಆಧಾರವೆಂದರೆ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಏಜೆನ್ಸಿಗೆ ಸಂಬಂಧಿಸಿದ ಅಧ್ಯಾಯ ಮತ್ತು ಮಧ್ಯವರ್ತಿಯ ಸ್ವಂತ ನಡವಳಿಕೆ. ನೋಂದಣಿ ಸಂಖ್ಯೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ ಮಾತ್ರಕ್ಕೆ ಗ್ರಾಹಕರು ನಂಬಿ ಬರುವುದಿಲ್ಲ. ಕಾಯಿದೆ ಕೇಳದ ಕಡೆಯೂ ಬರವಣಿಗೆಯಲ್ಲಿ ವ್ಯವಹರಿಸುವವರನ್ನು ಅವರು ಹುಡುಕಿಕೊಂಡು ಬರುತ್ತಾರೆ.

ಜಾಹೀರಾತಿನಲ್ಲಿ ಏನಿರಬೇಕು?

"ವಿಶಾಲವಾದ ಗೋದಾಮು, ಹೆದ್ದಾರಿಗೆ ಹತ್ತಿರ, ಎಲ್ಲ ಸೌಲಭ್ಯ, ಕೂಡಲೇ ಸಂಪರ್ಕಿಸಿ." ಪತ್ರಿಕೆಯಲ್ಲಿ ಸಾಲಿನ ಲೆಕ್ಕಕ್ಕೆ ಹಣ ಕೊಡುತ್ತಿದ್ದ ಕಾಲದಲ್ಲಿ ಇಂತಹ ಮಿತವ್ಯಯಕ್ಕೆ ಅರ್ಥವಿತ್ತು. ವಾಟ್ಸಾಪಿನಲ್ಲಿ ಕಳುಹಿಸುವ ಇಂದಿನ ದಿನಗಳಲ್ಲಿಯೂ ಅದೇ ನಾಲ್ಕು ಪದಗಳು ಮುಂದುವರಿದಿರುವುದು ಸೋಜಿಗ. ಇದನ್ನು ಓದಿ ಇಪ್ಪತ್ತು ಜನ ಫೋನು ಮಾಡುತ್ತಾರೆ. ಅವರಲ್ಲಿ ಹದಿನೆಂಟು ಜನಕ್ಕೆ ಆ ಜಾಗ ಬೇಕಾಗಿರುವುದಿಲ್ಲ. ಮಧ್ಯವರ್ತಿಯ ದಿನವೂ ಹೋಯಿತು, ಅಂಗಡಿ ಬಿಟ್ಟು ಬಂದ ವರ್ತಕರ ದಿನವೂ ಹೋಯಿತು.

ಅದರ ಬದಲು ಹೀಗೆ ಬರೆದರೆ ಹೇಗೆ? "ಗೋದಾಮು, 40 ಅಡಿಗೆ 90 ಅಡಿ, ಒಳ ಅಳತೆ. ಎತ್ತರ 18 ಅಡಿ. ಮುಂದಿನ ರಸ್ತೆ 30 ಅಡಿ, 20 ಅಡಿಯ ಕಂಟೇನರು ತಿರುಗುತ್ತದೆ, 40 ಅಡಿಯದು ತಿರುಗುವುದಿಲ್ಲ. ಮೂರು ಫೇಸ್, 15 ಎಚ್.ಪಿ. ಮಂಜೂರಾಗಿದೆ. ಸಿಮೆಂಟು ಶೀಟಿನ ಛಾವಣಿ, ಈಶಾನ್ಯ ಮೂಲೆಯಲ್ಲಿ ಸೋರುವಿಕೆ ಇದೆ, ಮಾಲೀಕರು ದುರಸ್ತಿಗೆ ಒಪ್ಪಿದ್ದಾರೆ." ಎರಡನೆಯ ಜಾಹೀರಾತಿಗೆ ಬರುವ ಫೋನು ಕಡಿಮೆ, ನಿಜ. ಆದರೆ ಬಂದವರು ಆಗಲೇ ಅರ್ಧ ಮನಸ್ಸು ಮಾಡಿರುತ್ತಾರೆ. ಸೋರುವ ಮೂಲೆಯನ್ನು ಮೊದಲೇ ಹೇಳಿದವರ ಉಳಿದ ಮಾತುಗಳನ್ನೂ ಜನ ನಂಬುತ್ತಾರೆ. ಸಕ್ಕರೆ, ಕಾಗದ, ಬಟ್ಟೆಯ ವ್ಯಾಪಾರಸ್ಥರಿಗೆ ಮಳೆಗಾಲದಲ್ಲಿ ಆ ಒಂದು ಮೂಲೆಯ ಬೆಲೆ ಎಷ್ಟೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಅಳತೆಯ ವಿಷಯದಲ್ಲಿ ಒಂದು ಮಾತು. ಮಾಲೀಕರು ಹೇಳಿದ ಚದರಡಿಯನ್ನು ಹಾಗೆಯೇ ಮುಂದಕ್ಕೆ ದಾಟಿಸುವ ಪದ್ಧತಿಯನ್ನು ಬಿಡಬೇಕು. ಮಧ್ಯವರ್ತಿಯು ಒಂದು ಟೇಪು ಹಿಡಿದು ಒಳ ಅಳತೆ, ಹೊರ ಅಳತೆ, ಲಾರಿ ನಿಲ್ಲುವ ಜಾಗಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಒಂದು ಗಂಟೆಯ ಕೆಲಸ. ಖಾಲಿ ಜಾಗವಾದರೆ ಗುಂಟೆಯ ಲೆಕ್ಕವನ್ನು ಚದರಡಿಗೆ ಇಳಿಸಿಯೇ ತಿಳಿಸಬೇಕು. ಗುಂಟೆಗೆ 1,089 ಚದರಡಿ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಬಾಯಿಲೆಕ್ಕದಲ್ಲಿ ಅದು ಸಾವಿರವೂ ಆಗುತ್ತದೆ, ಸಾವಿರದ ನೂರೂ ಆಗುತ್ತದೆ.

ಕೇಳಬೇಕಾದದ್ದನ್ನು ಕೇಳುವುದು

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ ನಡೆಸುವ ಒಬ್ಬ ಉದ್ಯಮಿಗೆ ದೊಡ್ಡ ಜಾಗ ಬೇಕಾಗಿದೆ. ಮಧ್ಯವರ್ತಿಯು ತೋರಿಸಿದ ಶೆಡ್ಡು ಮನಸ್ಸಿಗೆ ಬರುತ್ತದೆ. ತಿಂಗಳಿಗೆ 60,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ 6 ಲಕ್ಷ. ಒಪ್ಪಂದವಾಗಿ, ಯಂತ್ರಗಳನ್ನು ಕ್ರೇನಿನಲ್ಲಿ ಸಾಗಿಸಿ ಕೂರಿಸಿದ ಮೇಲೆ ಶೆಡ್ಡಿಗೆ ಮಂಜೂರಾಗಿರುವುದು 15 ಎಚ್.ಪಿ. ಎಂದು ತಿಳಿಯುತ್ತದೆ. ಅವರಿಗೆ ಬೇಕಾದದ್ದು 60. ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕು, ಆ ಬೀದಿಯ ಟ್ರಾನ್ಸ್‌ಫಾರ್ಮರು ತಾಳದಿದ್ದರೆ ಹೊಸದಕ್ಕೆ ಕಾಯಬೇಕು. ಅಷ್ಟರವರೆಗೆ ಬಾಡಿಗೆ, ಬ್ಯಾಂಕಿನ ಕಂತು, ಕಾರ್ಮಿಕರ ಸಂಬಳ ನಿಲ್ಲುವುದಿಲ್ಲ. ಆರ್ಡರು ಕೊಟ್ಟ ದೊಡ್ಡ ಕಂಪನಿ ಮಾತ್ರ ಕಾಯುವುದಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. "ಕರೆಂಟು ಇದೆಯೇ?" ಎಂದು ಕೇಳಿದ್ದಕ್ಕೆ "ಇದೆ" ಎಂಬ ಉತ್ತರ ಬಂತು, ಅಷ್ಟೆ.

ಆದ್ದರಿಂದ ಜಾಗ ತೋರಿಸುವುದಕ್ಕೆ ಮೊದಲು ಮಧ್ಯವರ್ತಿಯು ಗ್ರಾಹಕನನ್ನು ಕೂರಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಬೇಕು. ಏನು ತಯಾರಿಸುತ್ತೀರಿ? ಒಟ್ಟು ಎಷ್ಟು ಎಚ್.ಪಿ.? ದಿನಕ್ಕೆ ನೀರೆಷ್ಟು? ಅತಿ ಭಾರದ ಯಂತ್ರ ಯಾವುದು, ನೆಲ ತಾಳಬೇಕಾದದ್ದೆಷ್ಟು? ರಾತ್ರಿ ಪಾಳಿ ಇದೆಯೇ? ಪಕ್ಕದಲ್ಲಿ ಮನೆಗಳಿದ್ದರೆ ಆಗುತ್ತದೆಯೇ? ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ತಮ್ಮ ಉದ್ದಿಮೆ ಕೆಂಪೋ, ಕಿತ್ತಳೆಯೋ, ಹಸಿರೋ, ಬಿಳಿಯೋ? ಕೊನೆಯ ಪ್ರಶ್ನೆಯನ್ನು ಕೇಳುವ ಮಧ್ಯವರ್ತಿಗಳು ವಿರಳ. ಹಿಂದಿನ ಬಾಡಿಗೆದಾರ ಅದೇ ಶೆಡ್ಡಿನಲ್ಲಿ ಬೇರೊಂದು ಉದ್ದಿಮೆಗೆ ಪಡೆದಿದ್ದ ಸಮ್ಮತಿ ಪತ್ರವು ಹೊಸಬನಿಗೆ ದಾಟಿ ಬರುವುದಿಲ್ಲ ಎಂಬ ಸರಳ ಸಂಗತಿಯನ್ನೂ ಅನೇಕರು ತಡವಾಗಿ ತಿಳಿಯುತ್ತಾರೆ.

ಗ್ರಾಹಕರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಅವರಿಗೂ ಒಂದು ಪ್ರತಿ ಕೊಟ್ಟು, ಅದಕ್ಕೆ ಹೊಂದುವ ಎರಡು ಮೂರು ಜಾಗಗಳನ್ನು ಮಾತ್ರ ತೋರಿಸುವುದು ಉತ್ತಮ. ಒಂದೇ ದಿನದಲ್ಲಿ ಎಂಟು ಜಾಗ ಸುತ್ತಿಸಿದರೆ ದುಡಿಮೆ ತೋರುತ್ತದೆಯೇ ಹೊರತು ತಿಳಿವಳಿಕೆ ತೋರುವುದಿಲ್ಲ. ಸಾಧ್ಯವಾದರೆ ಗೋದಾಮನ್ನು ಬೆಳಗಿನ ಹನ್ನೊಂದಕ್ಕಲ್ಲ, ಸಂಜೆ ಲಾರಿಗಳು ಬಂದು ನಿಲ್ಲುವ ಹೊತ್ತಿಗೆ ತೋರಿಸಿ.

ಕಾಗದ ಪತ್ರಗಳು

ಮಾರಾಟದ ವ್ಯವಹಾರವಾದರೆ ಗ್ರಾಹಕನ ವಕೀಲರು ಕೇಳುವ ಮೊದಲೇ ದಾಖಲೆಗಳ ಒಂದು ಕಟ್ಟನ್ನು ಮಧ್ಯವರ್ತಿಯು ಸಿದ್ಧವಾಗಿಟ್ಟಿರಬೇಕು. ಮೂಲ ಕ್ರಯಪತ್ರಗಳ ಪ್ರತಿ, ಕೃಷಿ ಭೂಮಿಯಾಗಿದ್ದಲ್ಲಿ ಪಹಣಿ ಹಾಗೂ ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಕಂದಾಯ ರಸೀದಿ, ಖಾತಾ ಇವು ಅದರಲ್ಲಿರಲಿ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ, ಅದಿಲ್ಲದ ಆಸ್ತಿಗೆ ಮುಂಗಡ ಕೊಡಿಸುವುದು ಗ್ರಾಹಕನನ್ನು ಕಚೇರಿಯಿಂದ ಕಚೇರಿಗೆ ಅಲೆಸಿದಂತೆ. ಇ.ಸಿ. ಎಂದೇ ಪರಿಚಿತವಾದ ಋಣಭಾರ ಪ್ರಮಾಣಪತ್ರವು ಈಗ ಕಾವೇರಿ ತಂತ್ರಾಂಶದಲ್ಲಿ ಕುಳಿತಲ್ಲೇ ದೊರೆಯುತ್ತದೆ. ಆದರೆ ಇ.ಸಿ. ಶುದ್ಧವಾಗಿದ್ದರೆ ಎಲ್ಲವೂ ಶುದ್ಧವೆಂದು ಗ್ರಾಹಕನಿಗೆ ಭರವಸೆ ಕೊಡುವುದು ತಪ್ಪು. ಅದರಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಬಾಯಿಮಾತಿನ ಬಾಡಿಗೆದಾರ ಕಾಣುವುದಿಲ್ಲ, ನ್ಯಾಯಾಲಯದ ದಾವೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಾರ್ಖಾನೆಯ ಶೆಡ್ಡುಗಳು ಕ್ಯಾಷ್ ಕ್ರೆಡಿಟ್ ಸಾಲಕ್ಕೆ ಬ್ಯಾಂಕಿನಲ್ಲಿ ಅಡವಿರುವುದು ಸಾಮಾನ್ಯವಾದ್ದರಿಂದ, ಬ್ಯಾಂಕುಗಳ ಅಡಮಾನ ವಿವರ ದಾಖಲಾಗುವ ಸೆರ್ಸಾಯ್ ಸಂಸ್ಥೆಯ ಜಾಲತಾಣದಲ್ಲಿಯೂ ಹುಡುಕಿಸುವುದು ಕ್ಷೇಮ. 2011ರಿಂದ ಈ ವ್ಯವಸ್ಥೆ ಇದ್ದರೂ ನಮ್ಮ ಮಧ್ಯವರ್ತಿಗಳು ಇದನ್ನು ಬಳಸುವುದು ಕಡಿಮೆಯೆಂದೇ ಹೇಳಬೇಕು.

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಲೀಸ್ ಕಂ ಸೇಲ್ ಕರಾರಿನ ಮೇಲೆ ಹಂಚಿಕೆಯಾಗಿ, ಇನ್ನೂ ಮಂಡಳಿಯಿಂದ ಶುದ್ಧ ಕ್ರಯಪತ್ರವಾಗದ ನಿವೇಶನವನ್ನು ಹಂಚಿಕೆದಾರನು ಮಂಡಳಿಯ ಅನುಮತಿಯಿಲ್ಲದೆ ತನ್ನಿಷ್ಟದಂತೆ ಪರಭಾರೆ ಮಾಡುವಂತಿಲ್ಲ. "ಆಮೇಲೆ ಸರಿಮಾಡಿಕೊಳ್ಳೋಣ" ಎಂಬ ಮಾತಿನ ಮೇಲೆ ಲಕ್ಷಾಂತರ ರೂಪಾಯಿ ಮುಂಗಡ ಕೊಡಿಸುವುದಕ್ಕಿಂತ ಆ ವ್ಯವಹಾರವನ್ನೇ ಕೈಬಿಡುವುದು ಮಧ್ಯವರ್ತಿಗೆ ಲಾಭದಾಯಕ.

ವಿದ್ಯುತ್ ಬಾಕಿಯ ಮಾತು ಪ್ರತ್ಯೇಕವಾಗಿ ಹೇಳಬೇಕಾದದ್ದು. ಹಳೆಯ ಮಾಲೀಕ ಉಳಿಸಿಹೋದ ವಿದ್ಯುತ್ ಬಾಕಿಯನ್ನು, ನಿಯಮಾವಳಿಯಲ್ಲಿ ಅವಕಾಶವಿದ್ದಲ್ಲಿ, ಹೊಸ ಸಂಪರ್ಕ ಕೇಳುವ ಹೊಸ ಮಾಲೀಕನಿಂದ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ಕೇರಳ ವಿದ್ಯುಚ್ಛಕ್ತಿ ಮಂಡಳಿಯ ಪ್ರಕರಣದಲ್ಲಿ 2023ರ ಮೇ ತಿಂಗಳಿನಲ್ಲಿ ತೀರ್ಪಿತ್ತಿದೆ. ಮುಚ್ಚಿದ ಕಾರ್ಖಾನೆಯನ್ನು, ಅದರಲ್ಲೂ ಬ್ಯಾಂಕಿನ ಹರಾಜಿನಲ್ಲಿ ಅಗ್ಗವೆಂದು ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸಿ, ವಿದ್ಯುತ್ ಕಂಪನಿಯಿಂದ ಬಾಕಿ ಇಲ್ಲವೆಂಬ ಪತ್ರ ತರಿಸಿಕೊಡುವ ಮಧ್ಯವರ್ತಿಯು ತನ್ನ ಕಮಿಷನ್ನಿನ ಹಲವು ಪಟ್ಟು ಹಣವನ್ನು ಗ್ರಾಹಕನಿಗೆ ಉಳಿಸಿಕೊಟ್ಟಂತಾಗುತ್ತದೆ.

ಬಾಡಿಗೆಯ ವ್ಯವಹಾರದಲ್ಲಿ ಹನ್ನೊಂದು ತಿಂಗಳ ಕರಾರು ನಮ್ಮಲ್ಲಿ ಬೇರೂರಿದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ಸಣ್ಣ ಅಂಗಡಿಗೆ ಇದು ನಡೆದೀತು. ಆದರೆ ಯಂತ್ರಗಳನ್ನು ಕೂರಿಸುವ ಉತ್ಪಾದಕರಿಗೆ ಹನ್ನೊಂದು ತಿಂಗಳ ಹಾಳೆ ಏನೇನೂ ಸಾಲದು. ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮು, ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಲ್ಲಿ, ಉತ್ಪಾದನೆಗಾಗಿ ನೀಡಿದ ಗುತ್ತಿಗೆಗೆ ಆರು ತಿಂಗಳ ನೋಟೀಸನ್ನೂ ಇತರ ಬಾಡಿಗೆಗಳಿಗೆ ಹದಿನೈದು ದಿನಗಳ ನೋಟೀಸನ್ನೂ ವಿಧಿಸಿದೆ. ಕಾಯಿದೆಯೇ ಇವೆರಡರ ನಡುವೆ ಇಷ್ಟು ವ್ಯತ್ಯಾಸ ಕಂಡಿರುವಾಗ, ಟೈಪಿಂಗ್ ಅಂಗಡಿಯ ಒಂದೇ ನಮೂನೆಯನ್ನು ಎರಡಕ್ಕೂ ತುಂಬಿಸುವುದು ಸರಿಯಲ್ಲ. ಐದು ವರ್ಷದ ನೋಂದಾಯಿತ ಗುತ್ತಿಗೆಗೆ ಖರ್ಚು ಎಷ್ಟಾಗುತ್ತದೆ, ಅದರಿಂದ ಸಿಗುವ ಭದ್ರತೆ ಏನು ಎಂಬುದನ್ನು ಇಬ್ಬರಿಗೂ ವಿವರಿಸಿ, ನಿರ್ಧಾರವನ್ನು ಅವರಿಗೆ ಬಿಡಬೇಕು.

ಹಣದ ಪಟ್ಟಿ

ಈಗ ಮೊದಲು ಹೇಳಿದ ಪಟ್ಟಿಗೆ ಬರೋಣ. ಗ್ರಾಹಕನು ಮುಂಗಡ ಕೊಡುವುದಕ್ಕೆ ಮುನ್ನ ಅವನ ಕೈಯಿಂದ ಒಟ್ಟು ಹೋಗುವ ಹಣವೆಷ್ಟು ಎಂಬುದು ಒಂದೇ ಹಾಳೆಯಲ್ಲಿರಬೇಕು. ಕ್ರಯವಾದರೆ ಒಪ್ಪಿದ ಬೆಲೆಯ ಜೊತೆಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜು, ನೋಂದಣಿ ಶುಲ್ಕ ಸೇರುತ್ತವೆ. ರಾಜ್ಯದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿರುವುದರಿಂದ ಇವೆಲ್ಲ ಸೇರಿ ಶೇ. 7ನ್ನು ಮೀರುತ್ತವೆ. ಕೋಟಿ ರೂಪಾಯಿಯ ಆಸ್ತಿಗೆ ಇದು 7 ಲಕ್ಷಕ್ಕೂ ಹೆಚ್ಚು. ಕೊನೆಯ ವಾರದಲ್ಲಿ ಇಷ್ಟು ಹಣ ಹೊಂದಿಸುವ ಪರದಾಟ ವ್ಯಾಪಾರದ ಬಂಡವಾಳಕ್ಕೇ ಕೈ ಹಾಕಿಸುತ್ತದೆ. ಬೆಲೆ 50 ಲಕ್ಷ ಅಥವಾ ಮೇಲ್ಪಟ್ಟಿದ್ದರೆ ಕೊಳ್ಳುವವನು ಶೇ. 1 ಟಿ.ಡಿ.ಎಸ್. ಕಡಿತ ಮಾಡಬೇಕು. 2013ರಿಂದ ಇರುವ ನಿಯಮವಾದರೂ ಪಾವತಿಯ ದಿನವೇ ಇದು ನೆನಪಾಗುವುದುಂಟು. ಆಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದು 2015ರ ಜೂನ್‌ನಿಂದ ನಿಷಿದ್ಧ, ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. "ಟೋಕನ್ ನಗದಾಗಿ ಕೊಡಿ" ಎಂದು ಮಧ್ಯವರ್ತಿಯು ಹೇಳಿದರೆ ಮಾರುವವನಿಗೂ ಅಪಕಾರವೇ.

ಬಾಡಿಗೆಯಲ್ಲಿ ಜಿ.ಎಸ್.ಟಿ. ಹೊರೆ ಎಷ್ಟೋ ವರ್ತಕರನ್ನು ಆಶ್ಚರ್ಯಗೊಳಿಸುತ್ತಿದೆ. ಮಾಲೀಕರು ಜಿ.ಎಸ್.ಟಿ. ನೋಂದಣಿ ಹೊಂದಿದ್ದರೆ ವಾಣಿಜ್ಯ ಬಾಡಿಗೆಗೆ ಶೇ. 18 ಸೇರುತ್ತದೆ. ಮಾಲೀಕರಿಗೆ ನೋಂದಣಿ ಇಲ್ಲದಿದ್ದು ಬಾಡಿಗೆದಾರರಿಗೆ ಇದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆದಾರರೇ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ಕಟ್ಟಬೇಕು. ಕಾಂಪೊಸಿಷನ್ ಪದ್ಧತಿಯ ಸಣ್ಣ ವರ್ತಕರನ್ನು 2025ರ ಜನವರಿ 16ರಿಂದ ಈ ರಿವರ್ಸ್ ಚಾರ್ಜಿನಿಂದ ಹೊರಗಿಡಲಾಗಿದೆ. ಹಾಗೆಂದು ಅವರು ನೋಂದಾಯಿತ ಮಾಲೀಕರ ಮಳಿಗೆ ಹಿಡಿದರೆ ತೆರಿಗೆ ತಪ್ಪುವುದಿಲ್ಲ, ಹೂಡುವಳಿ ತೆರಿಗೆಯ ಜಮೆಯೂ ಸಿಗುವುದಿಲ್ಲ. 50,000 ರೂಪಾಯಿ ಬಾಡಿಗೆಗೆ ತಿಂಗಳಿಗೆ 9,000, ವರ್ಷಕ್ಕೆ 1,08,000 ರೂಪಾಯಿ ಹೆಚ್ಚುವರಿ. ಎರಡು ಮಳಿಗೆಗಳ ಬಾಡಿಗೆ ಒಂದೇ ಆಗಿ ಕಂಡರೂ ಅವರ ಪಾಲಿಗೆ ಒಂದೇ ಅಲ್ಲ. ಇದನ್ನು ಮೊದಲ ಭೇಟಿಯಲ್ಲೇ ಹೇಳಬಲ್ಲ ಮಧ್ಯವರ್ತಿಗೆ ಬೇರೆ ಜಾಹೀರಾತು ಅಷ್ಟಾಗಿ ಬೇಕಾಗದು.

ಇನ್ನು ಮಧ್ಯವರ್ತಿಯ ಸ್ವಂತ ಕಮಿಷನ್. ದರವನ್ನು ರೇರಾ ಕಾಯಿದೆ ನಿಗದಿಪಡಿಸಿಲ್ಲ, ರೂಢಿಯೇ ನಡೆದುಬಂದಿದೆ. ಎಷ್ಟು, ಯಾವಾಗ, ಯಾರಿಂದ, ವ್ಯವಹಾರ ಮುರಿದುಬಿದ್ದರೆ ಏನು ಎಂಬ ನಾಲ್ಕು ಸಾಲುಗಳನ್ನು ಮೊದಲ ದಿನವೇ ಬರೆದು ಸಹಿ ಪಡೆದರೆ ಕೊನೆಯ ದಿನದ ಚೌಕಾಸಿ ತಪ್ಪುತ್ತದೆ. ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ನಮ್ಮಲ್ಲಿ ಸಾಮಾನ್ಯವೇ. ಇಬ್ಬರಿಗೂ ತಿಳಿದಿದ್ದರೆ ಅದರಲ್ಲಿ ದೋಷವಿಲ್ಲ. ಮಾಲೀಕರಿಗೆ ಒಂದು ಬೆಲೆ, ಕೊಳ್ಳುವವರಿಗೆ ಇನ್ನೊಂದು ಬೆಲೆ ಹೇಳಿ ನಡುವಿನ ಹಣವನ್ನು ಜೇಬಿಗಿಳಿಸುವುದು ಮಾತ್ರ ಬೇರೆ ಮಾತು. ಅದನ್ನು ಜಾಣತನವೆಂದು ಕೆಲವರು ಹೇಳಿಕೊಳ್ಳುವುದನ್ನು ಕೇಳಿದ್ದೇವೆ. ಕರಾರು ಕಾಯಿದೆಯ 216ನೇ ಕಲಮಿನಂತೆ, ಏಜೆಂಟನು ಯಜಮಾನನಿಗೆ ತಿಳಿಯದಂತೆ ಆ ವ್ಯವಹಾರದಲ್ಲಿ ಸ್ವಂತಕ್ಕೆ ವ್ಯವಹರಿಸಿ ಪಡೆದ ಲಾಭವನ್ನು ಯಜಮಾನನು ಕೇಳಿ ಪಡೆಯಬಹುದು. 220ನೇ ಕಲಮಿನಂತೆ, ದುರ್ನಡತೆ ತೋರಿದ ಭಾಗದ ಕೆಲಸಕ್ಕೆ ಸಂಭಾವನೆಯೂ ದಕ್ಕುವುದಿಲ್ಲ. ಕಾಯಿದೆ ಹಾಗಿರಲಿ, ಪೇಟೆಯಲ್ಲಿ ಮಾಲೀಕರೂ ಬಾಡಿಗೆದಾರರೂ ಒಂದಲ್ಲ ಒಂದು ದಿನ ಎದುರುಬದುರು ಕೂತು ಚಹಾ ಕುಡಿಯುತ್ತಾರೆ, ಆಗ ಲೆಕ್ಕ ಹೊರಬೀಳುತ್ತದೆ.

ಕಮಿಷನ್ನಿಗೆ ಬಿಲ್ಲು ಕೊಡಿ. ಜಿ.ಎಸ್.ಟಿ. ನೋಂದಣಿ ಇರುವ ಮಧ್ಯವರ್ತಿಯ ಬಿಲ್ಲು ವರ್ತಕರ ಲೆಕ್ಕಪುಸ್ತಕದಲ್ಲಿ ಖರ್ಚಾಗಿ ನಿಲ್ಲುತ್ತದೆ. ಬಿಲ್ಲಿಲ್ಲದ ನಗದಿಗೆ ಅವರ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ದೊಡ್ಡ ಕಂಪನಿಗಳ ಗೋದಾಮಿನ ಕೆಲಸಗಳು ಹೊರಗಿನಿಂದ ಬಂದ ಸಂಸ್ಥೆಗಳ ಪಾಲಾಗುತ್ತಿವೆ ಎಂಬ ದೂರು ಸ್ಥಳೀಯ ಮಧ್ಯವರ್ತಿಗಳದು. ಬಿಲ್ಲು ಪುಸ್ತಕವೊಂದಿದ್ದರೆ ಆ ದೂರಿನ ಅರ್ಧ ಭಾಗ ಕರಗುತ್ತಿತ್ತೇನೋ.

ಕೀಲಿಕೈ ಕೊಟ್ಟ ಮೇಲೆ

ಕಮಿಷನ್ ಕೈಸೇರಿದ ಮೇಲೆ ಫೋನು ಎತ್ತದಿರುವುದೇ ಈ ವೃತ್ತಿಯ ಮೇಲಿರುವ ಅತಿ ಹಳೆಯ ಆಪಾದನೆ. ವರ್ತಕರಿಗೆ ನಿಜವಾದ ಕೆಲಸ ಆರಂಭವಾಗುವುದೇ ಆಗ. ಹೊಸ ಗೋದಾಮನ್ನು ಜಿ.ಎಸ್.ಟಿ. ನೋಂದಣಿಯಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳವಾಗಿ ಸೇರಿಸಲು ಬಾಡಿಗೆ ಕರಾರು, ಮಾಲೀಕರ ಹೆಸರಿನ ವಿದ್ಯುತ್ ಬಿಲ್ಲು ಅಥವಾ ಕಂದಾಯ ರಸೀದಿ, ಒಪ್ಪಿಗೆ ಪತ್ರ ಬೇಕಾಗುತ್ತವೆ. ಉದ್ದಿಮೆ ಪರವಾನಗಿಗೂ ಹೆಚ್ಚುಕಡಿಮೆ ಇವೇ ದಾಖಲೆಗಳು. ಅಡ್ವಾನ್ಸ್ ಚೆಕ್ಕು ಮಾಲೀಕರ ಕೈಸೇರುವ ದಿನವೇ ಈ ಪ್ರತಿಗಳಿಗೆ ಸಹಿ ಹಾಕಿಸಿಕೊಂಡು ಬಾಡಿಗೆದಾರರಿಗೆ ಕೊಡುವುದು ಹತ್ತು ನಿಮಿಷದ ಕೆಲಸ. ತಿಂಗಳಾದ ಮೇಲೆ ಅದೇ ಮಾಲೀಕರು ಮಗಳ ಮನೆಗೆ ಪುಣೆಗೆ ಹೋಗಿರುತ್ತಾರೆ!

ಕೀಲಿಕೈ ಕೊಡುವ ದಿನ ಮೀಟರಿನ ಅಂಕೆ, ನೆಲ, ಷಟರು, ವೈರಿಂಗು, ಛಾವಣಿಗಳ ಫೋಟೋ ತೆಗೆದು ಇಬ್ಬರಿಗೂ ಕಳುಹಿಸಿಡಿ. ಜಾಗ ಬಿಡುವಾಗ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯಬೇಕೆಂಬ ಜಗಳಕ್ಕೆ ಅದೇ ಸಾಕ್ಷಿ. ಕರಾರು ಮುಗಿಯುವ ತಾರೀಖು, ಬಾಡಿಗೆ ಏರಿಕೆಯ ತಾರೀಖುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮೂರು ತಿಂಗಳು ಮುಂಚೆಯೇ ಎರಡೂ ಕಡೆಯವರಿಗೆ ಫೋನು ಮಾಡಿ ತಿಳಿಸಿರಿ. ಮುಂದುವರಿಸುತ್ತಾರೋ, ದೊಡ್ಡ ಜಾಗ ಬೇಕೋ, ಪಕ್ಕದ ಶೆಡ್ಡು ಖಾಲಿಯಾದರೆ ತೋರಿಸಬೇಕೋ ಎಂಬುದು ಆ ಒಂದು ಫೋನಿನಲ್ಲೇ ಗೊತ್ತಾಗುತ್ತದೆ.